ವಾಸ್ತುಶಿಲ್ಪ ವಿದ್ಯಾರ್ಥಿಯ ವಿನ್ಯಾಸಾಭ್ಯಾಸ ಮತ್ತು ಆಧುನಿಕ ಆಚಾರ್ಯರ ಪ್ರಭಾವ: ವಿಶಾಖಪಟ್ಟಣ, ವಿಜಯವಾಡಗಳನ್ನು ಕುರಿತು ಒಂದು ವಿವೇಚನೆ

೧

ಹಿರಿಯ ಕವಿಯಿಂದ ಕಿರಿಯನು ಏನನ್ನು ಪಡೆಯಬಹುದು, ಏನನ್ನು ಪಡೆಯಬಾರದು ಎಂಬ ಪ್ರಶ್ನೆ ಕನ್ನಡ ವಿಮರ್ಶೆಗೆ ಹೊಸದಲ್ಲ. ಬಿ. ಎಂ. ಶ್ರೀಕಂಠಯ್ಯನವರು ಆಂಗ್ಲ ಭಾವಗೀತೆಗಳನ್ನು ಕನ್ನಡಕ್ಕೆ ತಂದಾಗ ಆಂಗ್ಲ ಛಂದಸ್ಸನ್ನು ಇದ್ದಂತೆಯೇ ತಂದು ನಿಲ್ಲಿಸಲಿಲ್ಲ. ಕನ್ನಡದ ಮಾತ್ರಾಗಣಗಳನ್ನೇ ಹೊಸ ರೀತಿಯಲ್ಲಿ ಜೋಡಿಸಿ ಹೊಸ ಪದ್ಯಬಂಧಗಳನ್ನು ಕಟ್ಟಿದರು. ಅವರು ತಂದದ್ದು ಭಾವವನ್ನು ಕಟ್ಟುವ ಕ್ರಮವನ್ನು. ಅದಕ್ಕೆ ಒದಗಿಸಿದ್ದು ಈ ನೆಲದ ಸಾಮಗ್ರಿಯನ್ನು. ಆದುದರಿಂದಲೇ ಆ ಪ್ರಯತ್ನ ಬೇರೂರಿತು.

ಕಟ್ಟಡ ಕಟ್ಟುವ ವಿದ್ಯೆಯಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಕವಿತೆ ಹಿಡಿಸದಿದ್ದರೆ ಪುಟ ಮಗುಚಬಹುದು. ಕಟ್ಟಡ ಕೆಟ್ಟರೆ ಅದರಲ್ಲಿಯೇ ಎರಡು ತಲೆಮಾರಿನವರು ಬೆವರುತ್ತ ಬಾಳಬೇಕು. ವಾಸ್ತುಶಿಲ್ಪ ಕಲಿಯುವ ವಿದ್ಯಾರ್ಥಿಗಳು ತಮ್ಮ ವಿನ್ಯಾಸಕಾರ್ಯಗಳಲ್ಲಿ ಆಧುನಿಕ ಆಚಾರ್ಯರನ್ನು ಹೇಗೆ ಅನುಸರಿಸುತ್ತಾರೆ, ಹೇಗೆ ಅನುಸರಿಸಬೇಕು ಎಂಬುದನ್ನು ಆಂಧ್ರಪ್ರದೇಶದ ಎರಡು ನಗರಗಳನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಪರನಾಡಿನಲ್ಲಿ ನೆಲೆಸಿರುವ ನಮಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ನಮ್ಮ ಮಕ್ಕಳಲ್ಲಿ ಹಲವರು ಈ ವಿದ್ಯೆಯನ್ನು ಆರಿಸಿಕೊಳ್ಳುತ್ತಿದ್ದಾರೆ. ನಮ್ಮ ಸಂಘಗಳಲ್ಲಿಯೂ ಸ್ವಂತ ಭವನದ ಮಾತು ಆಗಾಗ ಬರುತ್ತದೆ. ಮೇಲಾಗಿ, ಒಂದೂರಿನ ರೂಪ ಇನ್ನೊಂದೂರಿಗೆ ಹೋದಾಗ ಅದಕ್ಕೇನಾಗುತ್ತದೆ ಎಂಬುದನ್ನು ವಲಸೆ ಬಂದವರಿಗಿಂತ ಚೆನ್ನಾಗಿ ಬಲ್ಲವರು ಯಾರು?

೨

ಮೊದಲು ವಿನ್ಯಾಸಕಾರ್ಯವೆಂದರೇನೆಂಬುದನ್ನು ಸ್ಥೂಲವಾಗಿ ತಿಳಿಯಬೇಕು. ಭಾರತದಲ್ಲಿ ಈ ವೃತ್ತಿಯೂ ಇದರ ಶಿಕ್ಷಣವೂ ೧೯೭೨ರ ವಾಸ್ತುಶಿಲ್ಪಿಗಳ ಕಾಯಿದೆಗೆ ಒಳಪಟ್ಟಿವೆ. ಪದವಿಗೆ ಐದು ವರ್ಷ, ಅಂದರೆ ಹತ್ತು ಸೆಮಿಸ್ಟರುಗಳು. ಇತರ ಪಾಠಗಳು ಏನೇ ಇರಲಿ, ವಿನ್ಯಾಸದ ಸ್ಟುಡಿಯೋ ಈ ಶಿಕ್ಷಣದ ಬೆನ್ನೆಲುಬು. ಮೊದಲು ಪುಟ್ಟ ಮನೆ, ಆಮೇಲೆ ಶಾಲೆ, ವಸತಿಸಮೂಹ, ಆಸ್ಪತ್ರೆ, ಕೊನೆಗೆ ವಿದ್ಯಾರ್ಥಿಯು ತಾನೇ ಆರಿಸಿಕೊಂಡ ವಿಷಯದ ಮೇಲೆ ಪ್ರೌಢಪ್ರಬಂಧ, ಹೀಗೆ ಸಮಸ್ಯೆಗಳು ಬೆಳೆಯುತ್ತ ಹೋಗುತ್ತವೆ.

ನಮ್ಮ ಎರಡು ನಗರಗಳಿಗೆ ಈ ವಿಷಯದಲ್ಲಿ ಹಳೆಯ ನಂಟಿದೆ. ೧೯೨೬ರಲ್ಲಿ ಸ್ಥಾಪನೆಯಾದ ಆಂಧ್ರ ವಿಶ್ವವಿದ್ಯಾಲಯವು ಮೊದಲು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ ಇದ್ದು, ೧೯೩೦ರಲ್ಲಿ ವಿಶಾಖಪಟ್ಟಣದ ವಾಲ್ತೇರಿಗೆ ಸಾಗಿತು. ಅದರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂದು ವಾಸ್ತುಶಿಲ್ಪ ವಿಭಾಗವಿದೆ. ವಿಜಯವಾಡದಲ್ಲಿ ಕೇಂದ್ರ ಸರ್ಕಾರವು ೨೦೦೮ರಲ್ಲಿ ‘ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್’ ಎಂಬ ಸಂಸ್ಥೆಯನ್ನು ತೆರೆಯಿತು. ೨೦೧೪ರ ಕಾಯಿದೆಯಿಂದ ಅದು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆನಿಸಿತು.

ಎಲ್ಲಿಯೇ ಆಗಲಿ, ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ. ನಿವೇಶನವನ್ನು ನೋಡಿ ಬರುವುದು. ಅದೇ ಬಗೆಯ ಹೆಸರಾಂತ ಕಟ್ಟಡಗಳನ್ನು ನಿದರ್ಶನವಾಗಿ ಅಧ್ಯಯನ ಮಾಡುವುದು. ಒಂದು ಮೂಲಕಲ್ಪನೆಯನ್ನು ಹಿಡಿಯುವುದು. ತಳನಕ್ಷೆ, ಛೇದನಕ್ಷೆ, ಮುಖನೋಟಗಳನ್ನು ಬರೆಯುವುದು. ರಟ್ಟಿನ ಮಾದರಿ ಮಾಡುವುದು. ಕೊನೆಗೆ ‘ಜ್ಯೂರಿ’ ಎಂದು ಕರೆಯುವ ಪರೀಕ್ಷಕರ ಸಭೆಯ ಮುಂದೆ ನಿಂತು ಸಮರ್ಥಿಸಿಕೊಳ್ಳುವುದು. ಇವುಗಳಲ್ಲಿ ಆಚಾರ್ಯರ ಪ್ರಭಾವ ಒಳಹೊಗುವ ಬಾಗಿಲು ಎರಡನೆಯದು. ಅಪಾಯವಿರುವುದೂ ಅಲ್ಲಿಯೇ. ವಿದ್ಯಾರ್ಥಿಗೆ ಆಚಾರ್ಯನ ಕೃತಿ ದೊರೆಯುವುದು ಬಹುಮಟ್ಟಿಗೆ ಛಾಯಾಚಿತ್ರಗಳಲ್ಲಿ. ಛಾಯಾಚಿತ್ರದಲ್ಲಿ ಸೆಕೆ ಕಾಣಿಸದು, ಗಾಳಿ ಬೀಸದು, ಉಪ್ಪು ಅಂಟದು. ಉಳಿಯುವುದು ಆಕಾರವೊಂದೇ, ವಿದ್ಯಾರ್ಥಿ ಅದನ್ನೇ ಎತ್ತಿಕೊಳ್ಳುತ್ತಾನೆ.

೩

ಆದರೆ ಆ ಆಚಾರ್ಯರು ತಮ್ಮ ಆಕಾರಗಳಿಗೆ ತಾವೇ ಎಷ್ಟು ನಿಷ್ಠರಾಗಿದ್ದರು? ಈ ದೃಷ್ಟಿಯಿಂದ ನೋಡಿದರೆ ಕುತೂಹಲಕರವಾದ ಸಂಗತಿ ಹೊರಬೀಳುತ್ತದೆ.

ಲೆ ಕಾರ್ಬೂಸಿಯೆ ೧೯೨೦ರ ದಶಕದಲ್ಲಿ ಹೊಸ ವಾಸ್ತುಶಿಲ್ಪಕ್ಕೆ ಐದು ಸೂತ್ರಗಳನ್ನು ಸಾರಿದನು: ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸುವುದು, ಸ್ವತಂತ್ರ ತಳನಕ್ಷೆ, ಸ್ವತಂತ್ರ ಮುಖಭಿತ್ತಿ, ಉದ್ದನೆಯ ಪಟ್ಟಿಯಂಥ ಕಿಟಕಿ, ತಾರಸಿಯ ಮೇಲೆ ತೋಟ. ಪ್ಯಾರಿಸ್ ನಗರದ ಹತ್ತಿರ ಪ್ವಾಸ್ಸಿಯಲ್ಲಿ ೧೯೩೧ರಲ್ಲಿ ಮುಗಿದ ವಿಲಾ ಸವ್ವಾ ಇವೆಲ್ಲಕ್ಕೂ ಮಾದರಿ. ಆ ಮನೆಯ ಮಾಡು ಸೋರುತ್ತಿದ್ದುದೂ ಅದರ ಒಡತಿ ಆತನಿಗೆ ದೂರಿನ ಪತ್ರಗಳನ್ನು ಬರೆದುದೂ ಪ್ರಸಿದ್ಧವಾಗಿವೆ. ೧೯೫೧ರಲ್ಲಿ ಚಂಡೀಗಢದ ಕೆಲಸಕ್ಕಾಗಿ ಭಾರತಕ್ಕೆ ಬಂದ ಮೇಲೆ ಅದೇ ಕಾರ್ಬೂಸಿಯೆಯ ಕೈ ಬದಲಾಯಿತು. ಅಹಮದಾಬಾದಿನ ಗಿರಣಿ ಮಾಲಿಕರ ಸಂಘದ ಭವನದಲ್ಲಿ (೧೯೫೪) ಬಿಳಿಯ ತೆಳುಗೋಡೆಯಿಲ್ಲ. ಪಶ್ಚಿಮದ ಬಿಸಿಲಿಗೆ ಓರೆಯಾಗಿ ತಿರುಗಿಸಿದ ಆಳವಾದ ಕಾಂಕ್ರೀಟ್ ಫಲಕಗಳಿವೆ. ಚಂಡೀಗಢದ ಹೈಕೋರ್ಟಿಗೆ ಒಂದರ ಮೇಲೊಂದು ಎರಡು ಮಾಡು. ಛತ್ರಿಯಂತಿರುವ ಮೇಲಿನದು ಬಿಸಿಲನ್ನು ತಾನು ಹೊರುತ್ತದೆ, ನಡುವೆ ಗಾಳಿ ಹರಿಯುತ್ತದೆ. ವಿಲಾ ಸವ್ವಾದ ಚೆಲುವಿಗೆ ಮನಸೋತು ಅದನ್ನೇ ಬಂಗಾಳ ಕೊಲ್ಲಿಯ ತೀರದಲ್ಲಿ ಬರೆದಿಡುವ ವಿದ್ಯಾರ್ಥಿ, ಗುರುವು ಈ ದೇಶಕ್ಕೆ ಬಂದೊಡನೆ ಕೈಬಿಟ್ಟುದನ್ನು ಆಯ್ದುಕೊಂಡಂತಾಯಿತು.

ಲೂಯಿ ಕಾನ್ ೧೯೬೨ರಿಂದ ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಕಟ್ಟಡಗಳನ್ನು ವಿನ್ಯಾಸಗೊಳಿಸಿದನು. ಅಲ್ಲಿಯ ದೊಡ್ಡ ಇಟ್ಟಿಗೆ ಕಮಾನುಗಳನ್ನೂ ವೃತ್ತಾಕಾರದ ತೆರಪುಗಳನ್ನೂ ವಿದ್ಯಾರ್ಥಿಗಳ ನಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣಬಹುದು. ಕಾನನ ಗೋಡೆಯಲ್ಲಿ ಇಟ್ಟಿಗೆಯೇ ಭಾರ ಹೊರುತ್ತದೆ. ತೆರಪಿನ ಮೇಲಿನ ಭಾರ ಬದಿಗೆ ಹರಿಯಬೇಕಾದುದರಿಂದ ಅಲ್ಲಿ ಕಮಾನು ಹುಟ್ಟಿತು. ಕಮಾನು ಹೊರಕ್ಕೆ ತಳ್ಳುವುದರಿಂದ ಕಾಂಕ್ರೀಟಿನ ಅಡ್ಡಪಟ್ಟಿ ಅದನ್ನು ಬಿಗಿಹಿಡಿಯಿತು. ಅಂದರೆ ಆ ವಕ್ರರೇಖೆ ಭಾರದ ಲೆಕ್ಕದ ಉತ್ತರ. ವಿದ್ಯಾರ್ಥಿಯ ಕಟ್ಟಡದಲ್ಲಿಯಾದರೋ ಭಾರವನ್ನು ಕಾಂಕ್ರೀಟ್ ಕಂಬತೊಲೆಗಳು ಹೊತ್ತಿರುತ್ತವೆ. ನಡುವಣ ಗೋಡೆ ಬರಿಯ ತೆರೆ. ಆ ತೆರೆಯಲ್ಲಿ ಕೊರೆದ ವೃತ್ತಕ್ಕೆ ಹೊರುವ ಕೆಲಸವಿಲ್ಲ, ಮಳೆಯನ್ನು ತಡೆಯುವ ಶಕ್ತಿಯೂ ಇಲ್ಲ.

ಈ ಇಬ್ಬರನ್ನೂ ಹತ್ತಿರದಿಂದ ಕಂಡು, ಇಬ್ಬರಂತೆಯೂ ಕಟ್ಟದೆ ಉಳಿದವರು ಬಾಲಕೃಷ್ಣ ದೋಶಿ. ೧೯೫೧ರಿಂದ ೧೯೫೪ರವರೆಗೆ ಅವರು ಪ್ಯಾರಿಸ್ಸಿನಲ್ಲಿ ಕಾರ್ಬೂಸಿಯೆಯ ಕಚೇರಿಯಲ್ಲಿದ್ದರು. ಅಹಮದಾಬಾದಿನಲ್ಲಿ ಕಾನನೊಡನೆ ದುಡಿದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಮ್ಯಾನೇಜ್‌ಮೆಂಟ್ ಸಂಸ್ಥೆಯ ಆವರಣವನ್ನು ೧೯೭೭ರಿಂದ ಅವರು ರೂಪಿಸಿದಾಗ ಚಂಡೀಗಢದ ಕಾಂಕ್ರೀಟನ್ನಾಗಲಿ ಅಹಮದಾಬಾದಿನ ಇಟ್ಟಿಗೆ ಕಮಾನನ್ನಾಗಲಿ ಅಲ್ಲಿಗೆ ಸಾಗಿಸಲಿಲ್ಲ. ಫತೇಪುರ್ ಸಿಕ್ರಿಯ ಅಂಗಳಗಳ ಹೆಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆಂಗಳೂರಿನ ಒರಟು ಕಗ್ಗಲ್ಲಿನ ಗೋಡೆ, ಅರ್ಧ ತೆರೆದ ಉದ್ದನೆಯ ಪಡಸಾಲೆ, ಬಳ್ಳಿ ಹಬ್ಬಿದ ಚಪ್ಪರ, ಇವುಗಳಿಂದ ಆವರಣವನ್ನು ನೇಯ್ದರು. ೨೦೧೮ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಈ ಹಿರಿಯರು ೨೦೨೩ರಲ್ಲಿ ತೀರಿಕೊಂಡರು. ಗಮನಿಸಬೇಕಾದ ಅಂಶವೆಂದರೆ ಆ ತೆರೆದ ಪಡಸಾಲೆ ಬೆಂಗಳೂರಿನ ಮಿತವಾದ ಹವೆಯ ಫಲ. ಅದನ್ನು ಹಾಗೆಯೇ ವಿಜಯವಾಡಕ್ಕೆ ಕೊಂಡೊಯ್ದರೆ, ದೋಶಿಯವರು ತಮ್ಮ ಗುರುಗಳಿಂದ ಮಾಡದಿದ್ದ ತಪ್ಪನ್ನು ದೋಶಿಯವರ ಹೆಸರಿನಲ್ಲಿ ಮಾಡಿದಂತೆ.

ಕನ್ನಡನಾಡಿನಿಂದ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಬರ್ಲಿನ್ನಿನಲ್ಲಿ ಕಲಿತು, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟ ಒಟ್ಟೊ ಕೋನಿಗ್ಸ್‌ಬರ್ಗರ್ ೧೯೩೯ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಅವರು ಕಟ್ಟಿದ ಕಟ್ಟಡಗಳಿವೆ. ವಿಶಾಖಪಟ್ಟಣಕ್ಕೆ ಉತ್ತರದಲ್ಲಿರುವ ಭುವನೇಶ್ವರದ ೧೯೪೮ರ ನಗರಯೋಜನೆಯೂ ಅವರದೇ. ಬಳಿಕ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನೇ ಒಂದು ಶಾಸ್ತ್ರವಾಗಿ ಬೋಧಿಸಿ, ಸೂರ್ಯನ ಕೋನ, ಗಾಳಿಯ ದಿಕ್ಕು, ತೇವಾಂಶಗಳಿಂದ ವಿನ್ಯಾಸವನ್ನು ಆರಂಭಿಸುವ ಕ್ರಮವನ್ನು ಪಠ್ಯಗ್ರಂಥದಲ್ಲಿ ನಿಲ್ಲಿಸಿದರು. ಬರ್ಲಿನ್ನಿನ ಪಾಠವನ್ನು ಬೆಂಗಳೂರಿನ ಬಿಸಿಲಿನಲ್ಲಿ ತಿದ್ದಿಕೊಂಡ ವಲಸೆಗಾರನ ಅನುಭವ ಆ ಶಾಸ್ತ್ರದ ಹಿಂದಿದೆ.

೪

ಈ ಮಾತನ್ನು ಲೆಕ್ಕದಿಂದ ಪರೀಕ್ಷಿಸೋಣ. ಒಬ್ಬ ವಿದ್ಯಾರ್ಥಿಗೆ ಹೀಗೊಂದು ಸಮಸ್ಯೆ ಕೊಟ್ಟರೆಂದು ಭಾವಿಸೋಣ: ವಲಸೆ ಬಂದವರ ಒಂದು ಭಾಷಾಸಂಘಕ್ಕೆ ಮುನ್ನೂರು ಜನ ಕುಳಿತುಕೊಳ್ಳುವ ಸಭಾಂಗಣ, ಗ್ರಂಥಾಲಯ, ಎರಡು ಪಾಠದ ಕೊಠಡಿಗಳಿರುವ ಭವನ ಬೇಕು, ಅದನ್ನು ಒಮ್ಮೆ ವಿಶಾಖಪಟ್ಟಣದಲ್ಲಿಯೂ ಒಮ್ಮೆ ವಿಜಯವಾಡದಲ್ಲಿಯೂ ವಿನ್ಯಾಸಮಾಡಬೇಕು. ಎರಡೂರುಗಳ ನಡುವೆ ರೈಲುಹಾದಿ ಸುಮಾರು ೩೫೦ ಕಿಲೋಮೀಟರ್. ಭಾಷೆ ಒಂದೇ, ಸರ್ಕಾರ ಒಂದೇ; ಕಟ್ಟಡ ಸಂಹಿತೆಯ ಹವಾಮಾನ ವಿಭಾಗದಲ್ಲಿ ಎರಡೂ ಉಷ್ಣ-ಆರ್ದ್ರ ವಲಯವೇ. ಆದರೂ ಭವನ ಒಂದೇ ಆಗಲಾರದು.

ಮೊದಲು ಸೂರ್ಯ. ಡಿಸೆಂಬರ್ ೨೧ರಂದು ನಡುಹಗಲಿನಲ್ಲಿ ಪ್ಯಾರಿಸ್ಸಿನ ಸೂರ್ಯ ದಿಗಂತದಿಂದ ಸುಮಾರು ೧೮ ಡಿಗ್ರಿ ಎತ್ತರದಲ್ಲಿರುತ್ತಾನೆ. ಚಂಡೀಗಢದಲ್ಲಿ ೩೬, ವಿಶಾಖಪಟ್ಟಣದಲ್ಲಿ ೪೯, ವಿಜಯವಾಡದಲ್ಲಿ ೫೦ ಡಿಗ್ರಿ. ಕಾರ್ಬೂಸಿಯೆಯ ಬಿಸಿಲುತಡೆಯ ತತ್ತ್ವ ಬೇಸಗೆಯ ಬಿಸಿಲನ್ನು ತಡೆದು ಚಳಿಗಾಲದ ಬಿಸಿಲನ್ನು ಒಳಗೆ ಬಿಡುವುದು. ಚಂಡೀಗಢದ ಚಳಿಗೆ ಅದು ಅವಶ್ಯಕ. ನಮ್ಮ ಎರಡೂರುಗಳಲ್ಲಿ ಚಳಿಗಾಲದಲ್ಲಿಯೂ ಒಳಗೆ ಬಿಸಿಲು ಬೇಕಾಗಿಲ್ಲ. ಹೀಗಿರಲು ಚಂಡೀಗಢದ ಫಲಕವನ್ನು ನಕಲುಮಾಡುವುದೆಂದರೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಬರೆದಂತೆ. ವಿಜಯವಾಡದಲ್ಲಿ ದಕ್ಷಿಣಕ್ಕೆ ಮುಖವಾದ ೧೨೦ ಸೆಂಟಿಮೀಟರ್ ಎತ್ತರದ ಕಿಟಕಿಗೆ ಸುಮಾರು ಒಂದು ಮೀಟರ್ ಚಾಚಿದ ಸಜ್ಜೆಯಿದ್ದರೆ ವರ್ಷದ ಯಾವ ನಡುಹಗಲಿನಲ್ಲಿಯೂ ಬಿಸಿಲು ಒಳಹೊಗದು. ಇದಕ್ಕೆ ಆಚಾರ್ಯನ ಹೆಸರು ಬೇಡ, ಕೋನಮಾಪಕ ಸಾಕು.

ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯವಾದುದು. ಚಂಡೀಗಢದಲ್ಲಿ ಸೂರ್ಯ ಎಂದಿಗೂ ನಡುನೆತ್ತಿಗೆ ಬರುವುದಿಲ್ಲ. ವಿಜಯವಾಡ, ವಿಶಾಖಪಟ್ಟಣಗಳಲ್ಲಿ ಮೇ ತಿಂಗಳ ಮೊದಲ ಭಾಗದಲ್ಲಿಯೂ ಆಗಸ್ಟಿನ ಆರಂಭದ ಸುಮಾರಿಗೂ ನಡುನೆತ್ತಿಗೆ ಬರುತ್ತಾನೆ. ಆ ನಡುವಣ ದಿನಗಳಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ. ಎಂದರೆ ಕಡುಬೇಸಗೆಯಲ್ಲಿ ಕಟ್ಟಡವನ್ನು ಸುಡುವುದು ಮುಖಭಿತ್ತಿಗಿಂತ ಹೆಚ್ಚಾಗಿ ಮಾಡು. ಉತ್ತರದ ಕಿಟಕಿಗೂ ನೆರಳು ಬೇಕು. ಆದರೆ ಮುಖನೋಟ ಬರೆಯಲು ವಾರಗಟ್ಟಲೆ ಕಳೆಯುವ ವಿದ್ಯಾರ್ಥಿ ಮಾಡನ್ನು ಒಂದು ಗೆರೆಯಲ್ಲಿ ಮುಗಿಸುತ್ತಾನೆ. ಕಾರ್ಬೂಸಿಯೆಯಿಂದ ಇಲ್ಲಿಗೆ ತರಬೇಕಾದುದು ಫಲಕವನ್ನಲ್ಲ, ಎರಡು ಮಾಡಿನ ವಿಚಾರವನ್ನು.

ಬಳಿಕ ಕಡಲು. ವಿಶಾಖಪಟ್ಟಣದ ಕರಾವಳಿ ಈಶಾನ್ಯದಿಂದ ನೈಋತ್ಯಕ್ಕೆ ಓರೆಯಾಗಿ ಸಾಗಿದೆ, ಕಡಲಿರುವುದು ಆಗ್ನೇಯಕ್ಕೆ. ಕಡಲನ್ನು ನೋಡಲೆಂದು ಇಡೀ ಗೋಡೆಯನ್ನು ಗಾಜಾಗಿಸಿದರೆ ಬೆಳಗಿನ ಬಿಸಿಲೆಲ್ಲ ಒಳಗೆ ಬರುತ್ತದೆ. ಗಾಳಿಯಲ್ಲಿ ಉಪ್ಪಿದೆ, ಅದು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳನ್ನು ತುಕ್ಕುಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಆದುದರಿಂದ ಭಾರತೀಯ ಮಾನಕ ೪೫೬ರ ೨೦೦೦ದ ಆವೃತ್ತಿ, ಮಳೆಗೆ ಒಡ್ಡಿದ ಸಾಧಾರಣ ಮೈಗೆ ಸರಳಿನ ಮೇಲೆ ೩೦ ಮಿಲಿಮೀಟರ್ ಹೊದಿಕೆಯನ್ನೂ ಕಡಲಗಾಳಿಗೆ ಒಡ್ಡಿದ ಮೈಗೆ ೪೫ ಮಿಲಿಮೀಟರ್ ಹೊದಿಕೆಯನ್ನೂ ವಿಧಿಸಿತು. ಒಂದು ಬಿಸಿಲುತಡೆ ಫಲಕದಲ್ಲಿ ಒಂದೇ ಪದರ ಸರಳುಜಾಲವನ್ನಿಟ್ಟರೂ ವಿಜಯವಾಡದಲ್ಲಿ ಅದರ ದಪ್ಪ ಮುಕ್ಕಾಲು ಅಂಗೈಯಷ್ಟು, ಅಂದರೆ ೭೫ ಮಿಲಿಮೀಟರಿನಷ್ಟಾದರೆ, ವಿಶಾಖಪಟ್ಟಣದ ತೀರದಲ್ಲಿ ೧೦೫ ಮಿಲಿಮೀಟರನ್ನು ದಾಟುತ್ತದೆ. ಕಾಗದದಂತೆ ತೆಳ್ಳಗಿನ ಆ ಸೊಗಸಾದ ಗೆರೆ ಕಡಲಿನೆದುರು ನಿಲ್ಲಲಾರದು.

ಅಲ್ಲದೆ ಚಂಡಮಾರುತ. ೨೦೧೪ರ ಅಕ್ಟೋಬರ್ ೧೨ರಂದು ‘ಹುದ್‌ಹುದ್’ ವಿಶಾಖಪಟ್ಟಣದ ಬಳಿ ನೆಲ ಮುಟ್ಟಿದಾಗ ಗಾಳಿಯ ವೇಗ ಗಂಟೆಗೆ ೧೮೦ ಕಿಲೋಮೀಟರಿನಷ್ಟಿತ್ತು. ಗಾಜಿನ ಮುಖಗಳು ಒಡೆದವು. ವಿಮಾನನಿಲ್ದಾಣದ ಕಟ್ಟಡಕ್ಕೂ ಭಾರಿ ಹಾನಿಯಾಯಿತು. ಆ ಊರಿನ ವಿದ್ಯಾರ್ಥಿಗೆ ಇದಕ್ಕಿಂತ ಕಠಿಣವಾದ ಜ್ಯೂರಿ ಬೇರೆ ಯಾವುದಿದ್ದೀತು?

ವಿಜಯವಾಡದ ಕಷ್ಟ ಬೇರೆ. ಬಂಡೆಗುಡ್ಡಗಳಿಗೂ ಕೃಷ್ಣೆಗೂ ನಡುವೆ ಸಿಕ್ಕಿಕೊಂಡ ಈ ಊರನ್ನು ವಿನೋದಕ್ಕೆ ‘ಬ್ಲೇಜ್‌ವಾಡ’ ಎನ್ನುವುದುಂಟು. ಬೇಸಗೆಯ ಮಧ್ಯಾಹ್ನ ಪಶ್ಚಿಮದಿಂದ ಬೀಸುವುದು ಬಿಸಿಗಾಳಿ. ಆಗ ಕಿಟಕಿ ಮುಚ್ಚಿರಬೇಕು, ರಾತ್ರಿ ತೆರೆದಿರಬೇಕು. ವಿಶಾಖಪಟ್ಟಣದಲ್ಲಿಯಾದರೋ ಕಡಲಗಾಳಿ ಹಗಲಿಡೀ ಮೈಮೇಲೆ ಹರಿದರೇ ನೆಮ್ಮದಿ. ಹೀಗೆ ಒಂದೇ ಸಭಾಂಗಣಕ್ಕೆ ಒಂದೂರಿನಲ್ಲಿ ಆರಪಾರ ತೆರೆದ ಗೋಡೆಗಳು, ಇನ್ನೊಂದರಲ್ಲಿ ದಪ್ಪನೆಯ ಪಶ್ಚಿಮಭಿತ್ತಿ.

ಮೇಲಾಗಿ ನೀರು. ೨೦೨೪ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹೊಳೆ ದಂಡೆಯೊಡೆದು ಅಜಿತ್ ಸಿಂಗ್ ನಗರವೇ ಮೊದಲಾದ ಬಡಾವಣೆಗಳನ್ನು ಮುಳುಗಿಸಿತು. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿಬಂದ ಕೃಷ್ಣೆಯೂ ಪ್ರಕಾಶಂ ಬ್ಯಾರೇಜಿನಲ್ಲಿ ೧೧ ಲಕ್ಷ ಕ್ಯೂಸೆಕ್ಸ್ ಮೀರಿ ಹರಿದಳು. ಅಂಥ ಕಡೆ ಗ್ರಂಥಾಲಯವನ್ನು ನೆಲದ ಮೇಲಿಡುವುದು ಅವಿವೇಕ. ಇಲ್ಲಿ, ವಿಚಿತ್ರವೆಂಬಂತೆ, ಕಾರ್ಬೂಸಿಯೆಯ ಮೊದಲ ಸೂತ್ರವಾದ ಕಂಬಗಳ ಮೇಲಿನ ಕಟ್ಟಡ ನಿಜವಾದ ಅರ್ಥವನ್ನು ಪಡೆಯುತ್ತದೆ. ಆದರೆ ೨೦೦೧ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕೆಳಗೆ ಬರಿಯ ಕಂಬಗಳಿದ್ದ ಹಲವು ಮನೆಗಳು ಕುಸಿದುದನ್ನೂ ಮರೆಯಬಾರದು. ಕಂಬಗಳ ನಡುವೆ ಅಲ್ಲಲ್ಲಿ ಗಟ್ಟಿಗೋಡೆಗಳ ಬಿಗಿತ ಬೇಕು. ಎರವಲು ತಂದ ಸೂತ್ರ ಈ ನೆಲದಲ್ಲಿ ಒಗ್ಗುವುದು ಹೀಗೆ ತಿದ್ದಿದ ಮೇಲೆಯೇ.

೫

ಆಧುನಿಕರನ್ನು ಬಿಟ್ಟು ಪರಂಪರೆಯನ್ನು ಹಿಡಿದರೆ ಸಾಕೆಂದು ಕೆಲವರು ಹೇಳಬಹುದು. ಪರಂಪರೆಯೂ ಗುರುವೇ, ಆದರೆ ಅದನ್ನೂ ಓದಬೇಕು. ಉತ್ತರ ಕರಾವಳಿ ಆಂಧ್ರದ ಹಳ್ಳಿಗಳಲ್ಲಿ ‘ಚುಟ್ಟಿಲ್ಲು’ ಎಂಬ ದುಂಡನೆಯ ಮಣ್ಣಿನ ಮನೆಯಿದೆ. ತೆಲುಗಿನ ‘ಚುಟ್ಟು’ ನಮ್ಮ ‘ಸುತ್ತು’; ‘ಇಲ್ಲು’ ಹಳಗನ್ನಡದ ‘ಇಲ್’. ಮೂಲೆಯಿಲ್ಲದ ಗೋಡೆ, ನೆಲದ ಹತ್ತಿರದವರೆಗೆ ಇಳಿದ ಹುಲ್ಲುಮಾಡು: ಬಿರುಗಾಳಿಗೆ ಹಿಡಿಯಲು ಅಲ್ಲಿ ಅಂಚೇ ಸಿಗದು. ವಿಶಾಖಪಟ್ಟಣದ ಬಳಿಯ ಬೌದ್ಧವಿಹಾರದ ಬೆಟ್ಟ ತೊಟ್ಲಕೊಂಡಕ್ಕೆ ಆ ಹೆಸರು ಬಂದದ್ದು ಬಂಡೆಯಲ್ಲಿ ಕೊರೆದ ಮಳೆನೀರಿನ ತೊಟ್ಟಿಗಳಿಂದ. ಕೃಷ್ಣಾ ಗೋದಾವರಿ ಮುಖಜಭೂಮಿಯ ‘ಮಂಡುವಾ ಲೋಗಿಲಿ’ಯಲ್ಲಿ ನಡುವೆ ತೆರೆದ ಅಂಗಳ, ಸುತ್ತ ಒಳಮುಖವಾಗಿ ಇಳಿದ ಹೆಂಚಿನ ಮಾಡು, ನಮ್ಮ ತೊಟ್ಟಿಮನೆಯ ಸೋದರಿಯೆಂದರೆ ತಪ್ಪಿಲ್ಲ.

ಆ ಹೆಂಚಿನದೇ ಒಂದು ಕಥೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಯುರೋಪಿನ ಮಾದರಿ, ನೇತ್ರಾವತಿಯ ಕಡೆಯ ಜೇಡಿಮಣ್ಣು. ಆ ಬಗೆಯ ಹೆಂಚನ್ನು ತೆಲುಗರು ‘ಬೆಂಗಳೂರು ಪೆಂಕು’ ಎನ್ನುತ್ತಾರೆ. ಊರ ಹೆಸರು ತಪ್ಪಿದರೂ ಹೆಂಚು ತಪ್ಪಲಿಲ್ಲ. ಇಂದು ಅದನ್ನು ಪರದೇಶದ್ದೆಂದು ಯಾರೂ ಎಣಿಸರು. ಮಳೆನೀರನ್ನು ಜಾರಿಸಿ ಬಿಸಿಗಾಳಿಯನ್ನು ಸಂದುಗಳಲ್ಲಿ ಹೊರಬಿಡುವ ಕೆಲಸವನ್ನು ಅದು ಈ ನೆಲದಲ್ಲಿ ಸರಿಯಾಗಿ ಮಾಡಿತು. ರೂಪವೊಂದು ದೇಶೀಯವಾಗುವುದಕ್ಕೆ ಬೇಕಾದ ಪ್ರಮಾಣಪತ್ರ ಇಷ್ಟೇ.

ಇದೇ ಒರೆಗಲ್ಲನ್ನು ನಮ್ಮ ಸಂಘಭವನಗಳಿಗೂ ಹಚ್ಚಬೇಕಾಗಿದೆ. ೧೯೫೧ರಲ್ಲಿ, ಕಾರ್ಬೂಸಿಯೆ ಚಂಡೀಗಢಕ್ಕೆ ಬಂದ ವರ್ಷದಲ್ಲಿಯೇ, ಬೆಂಗಳೂರಿನಲ್ಲಿ ವಿಧಾನಸೌಧದ ಶಂಕುಸ್ಥಾಪನೆಯಾಯಿತು. ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ ೧೯೫೬ರಲ್ಲಿ ಮುಗಿದ ಆ ಸೌಧ ಒಂದು ರಾಜ್ಯದ ಆತ್ಮಗೌರವದ ಮಾತು. ಅದಕ್ಕೆ ಅದರದೇ ಔಚಿತ್ಯವಿದೆ. ಆದರೆ ಮುಂಬಯಿಯ ಮಳೆಯಲ್ಲಿಯೋ ವಿಜಯವಾಡದ ಬಿಸಿಲಿನಲ್ಲಿಯೋ ನಿಲ್ಲುವ ಪುಟ್ಟ ಭವನದ ಮುಂದೆ ಸಿಮೆಂಟಿನ ಹೊಯ್ಸಳ ಕಂಬವನ್ನೂ ಗುಮ್ಮಟವನ್ನೂ ಅಂಟಿಸುವುದು, ವಿದ್ಯಾರ್ಥಿ ಕಾನನ ವೃತ್ತವನ್ನು ಅಂಟಿಸುವುದಕ್ಕಿಂತ ಬೇರೆಯಲ್ಲ.

೬

ವಿಜಯವಾಡದ ವಿದ್ಯಾರ್ಥಿಗಳ ಕಣ್ಣೆದುರಿನಲ್ಲಿಯೇ ಒಂದು ದೊಡ್ಡ ಪಾಠ ನಡೆದಿದೆ. ನಗರದ ಪಕ್ಕದಲ್ಲಿ ಅಮರಾವತಿಯೆಂಬ ಹೊಸ ರಾಜಧಾನಿಗೆ ೨೦೧೫ರ ಅಕ್ಟೋಬರ್ ೨೨ರಂದು ಅಡಿಗಲ್ಲು ಬಿದ್ದಿತು. ಸರ್ಕಾರಿ ಭವನಗಳ ಸ್ಪರ್ಧೆಯಲ್ಲಿ ಜಪಾನಿನ ಫುಮಿಹಿಕೊ ಮಾಕಿ, ಇಂಗ್ಲೆಂಡಿನ ರಿಚರ್ಡ್ ರೋಜರ್ಸ್, ನಮ್ಮ ದೋಶಿ ಇವರ ಸಂಸ್ಥೆಗಳು ಭಾಗವಹಿಸಿ, ೨೦೧೬ರಲ್ಲಿ ಮಾಕಿಯವರ ನಕ್ಷೆ ಗೆದ್ದಿತು. ಆದರೆ ಕೆಲಸ ಕೊನೆಗೆ ನಾರ್ಮನ್ ಫಾಸ್ಟರರ ಸಂಸ್ಥೆಗೆ ಹೋಯಿತು. ೨೦೨೦ರಲ್ಲಿ ಮೂರು ರಾಜಧಾನಿಗಳ ಕಾಯಿದೆ ಬಂದು ಆಡಳಿತವನ್ನು ವಿಶಾಖಪಟ್ಟಣಕ್ಕೆ ಒಯ್ಯುವ ಮಾತಾಯಿತು; ೨೦೨೧ರಲ್ಲಿ ಅದನ್ನು ಹಿಂತೆಗೆದುಕೊಂಡರು; ೨೦೨೪ರ ಸರ್ಕಾರ ಬದಲಾವಣೆಯ ಬಳಿಕ ಅಮರಾವತಿಯ ಕೆಲಸ ಮತ್ತೆ ಕೈಗೆತ್ತಿಕೊಳ್ಳಲ್ಪಟ್ಟಿತು. ಆಚಾರ್ಯರ ನಕ್ಷೆಗಳೂ ರಾಜಕಾರಣದ ಗಾಳಿಗೆ ಹೇಗೆ ತೂಗಾಡುತ್ತವೆಂಬುದು ಇದರಿಂದ ಸ್ಪಷ್ಟ.

ಫಾಸ್ಟರರ ಸಂಸ್ಥೆ ಹೈಕೋರ್ಟಿಗೆ ಪ್ರಾಚೀನ ಸ್ತೂಪವನ್ನು ಪ್ರೇರಣೆಯಾಗಿ ಹಿಡಿಯಿತು. ಹೊರಗಿನ ಸುತ್ತಿನಲ್ಲಿ ಸಾರ್ವಜನಿಕರು, ಒಳಹೋದಂತೆ ನ್ಯಾಯಾಲಯಗಳು, ನಡುವೆ ಮುಖ್ಯ ನ್ಯಾಯಾಧೀಶರ ಪೀಠ. ಮೇಲೆ ನೆರಳು ಚಾಚಿದ ಮೆಟ್ಟಿಲುಮಾಡು. ಇಲ್ಲಿ ಸ್ತೂಪದಿಂದ ಪ್ರದಕ್ಷಿಣೆಯ ಕ್ರಮವನ್ನು ತೆಗೆದುಕೊಂಡರೆ ಅದು ಅಧ್ಯಯನ. ಗುಡ್ಡೆಯಾಕಾರವನ್ನಷ್ಟೇ ತೆಗೆದುಕೊಂಡರೆ ಅನುಕರಣ. ಎರಡರಲ್ಲಿ ಯಾವುದು ಗೆದ್ದಿತೆಂಬುದನ್ನು ಮುಂದೆ ಅಲ್ಲಿ ಓಡಾಡುವವರ ಕಾಲು, ಕಣ್ಣುಗಳು ಹೇಳಬೇಕು.

೭

ಒಟ್ಟಿನಲ್ಲಿ ಹೇಳುವುದಾದರೆ, ಆಚಾರ್ಯರ ಪ್ರಭಾವ ಬೇಡವೆನ್ನುವುದು ಸಾಧುವಲ್ಲ, ಸಾಧ್ಯವೂ ಅಲ್ಲ. ಪ್ರತಿಯೊಂದು ಶ್ರೇಷ್ಠ ಕಟ್ಟಡವೂ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ವಿದ್ಯಾರ್ಥಿಯು ಉತ್ತರವನ್ನು ಬಾಯಿಪಾಠ ಮಾಡದೆ ಪ್ರಶ್ನೆಯನ್ನು ಕಲಿಯಬೇಕು. ಬಳಿಕ ಅದೇ ಪ್ರಶ್ನೆಯನ್ನು ತನ್ನೂರಿನ ಬಿಸಿಲು, ಗಾಳಿ, ನೀರು, ಮಣ್ಣು, ಗೌಂಡಿಗಳ ಮುಂದಿಡಬೇಕು. ಬೋಧಕರು ನಿದರ್ಶನ ಅಧ್ಯಯನದಲ್ಲಿ ಛಾಯಾಚಿತ್ರಕ್ಕಿಂತ ಮೊದಲು ಛೇದನಕ್ಷೆಯನ್ನೂ ಅಕ್ಷಾಂಶವನ್ನೂ ಕೇಳುವುದಾದರೆ ಅರ್ಧ ಕೆಲಸ ಆದಂತೆಯೇ.

ಉಳಿದರ್ಧ ಕಟ್ಟಿಸುವವರಾದ ನಮ್ಮದು. ನಾಳೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ತರುಣನೊಬ್ಬನೋ ತರುಣಿಯೊಬ್ಬಳೋ ನಕ್ಷೆ ಬಿಡಿಸಿ ನಿಂತಾಗ, ಇದು ಯಾರ ಶೈಲಿಯೆಂದು ಕೇಳುವುದು ಬೇಡ, ಇದರಲ್ಲಿ ಕನ್ನಡತನವೆಲ್ಲಿದೆಯೆಂದು ಕಂಬ ಹುಡುಕುವುದೂ ಬೇಡ. ಮೇ ತಿಂಗಳ ಮಧ್ಯಾಹ್ನ ಪುಸ್ತಕ ಓದುವವನಿಗೆ ನೆರಳೆಲ್ಲಿ, ಮಳೆಗಾಲದಲ್ಲಿ ಪುಸ್ತಕ ಎಷ್ಟು ಎತ್ತರದಲ್ಲಿರುತ್ತದೆ, ಸಭೆ ಮುಗಿದ ಮೇಲೆ ಜನ ನಿಂತು ಮಾತಾಡಲು ಜಗಲಿಯೆಲ್ಲಿ ಎಂದು ಕೇಳೋಣ. ಈ ಮೂರಕ್ಕೆ ಉತ್ತರ ಕೊಟ್ಟ ಭವನ ತಾನಾಗಿಯೇ ನಮ್ಮದಾಗುತ್ತದೆ.